ಬುಟ್ಟಿ ಮೇಷ್ಟ್ರ ಹನ್ನೊಂದನೇ ಪ್ಯಾರಾ

ಎದೆರೋಗ ವಿಭಾಗ, ಮೂರನೇ ಮಹಡಿ
ಶನಿವಾರ, ಮಧ್ಯಾಹ್ನ

ಬುಟ್ಟಿ ಮೇಷ್ಟ್ರಿಗೆ,

ಮೊದಲು ‘ಪ್ರಿಯ’ ಎಂದು ಬರೆದೆ, ಆಮೇಲೆ ಹೊಡೆದುಹಾಕಿದೆ. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು. ಬರೆದದ್ದಕ್ಕಿಂತ ಮೊದಲು ಹೊಡೆದದ್ದನ್ನು ಓದುವ ಮನುಷ್ಯ ನೀನು. ಅನುಕೂಲವಾಗಲಿ ಎಂದು ಹಾಗೇ ಬಿಟ್ಟಿದ್ದೇನೆ.

ಕಾರ್ಖಾನೆಯ ಧೂಳಿನ ವಿಚಾರಣಾ ಆಯೋಗಕ್ಕೆ ನೀನು ಕೊಟ್ಟ ಅಫಿಡವಿಟ್ಟಿನ ಪ್ರತಿ ನಿನ್ನೆ ನಮ್ಮ ಕಡೆಯ ಲಾಯರ ಕೈಸೇರಿತು. ಕಲ್ಲುಪುಡಿ ಕಾರ್ಖಾನೆಯವರು ಒಬ್ಬ ತಜ್ಞರನ್ನು ಕರೆಸುತ್ತಿದ್ದಾರೆ ಎಂಬ ಸುದ್ದಿ ಮೊದಲೇ ಇತ್ತು. ಯಾರೋ ಎಂಜಿನಿಯರ್ ಇರಬೇಕು, ಇಲ್ಲವೇ ಹೇಳಿದಂತೆ ಹೇಳುವ ಡಾಕ್ಟರು ಯಾರಾದರೂ ಸಿಕ್ಕಿರಬೇಕು ಎಂದುಕೊಂಡಿದ್ದೆವು. ವಿಜ್ಞಾನದ ತತ್ವಶಾಸ್ತ್ರ ಕಲಿಸುವವನನ್ನು ಕರೆಸುವಷ್ಟು ಬುದ್ಧಿ ಆ ಮಾಲೀಕನಿಗೆ ಇದೆಯೆಂದು ನಾನು ಎಣಿಸಿರಲಿಲ್ಲ. ನಮ್ಮ ಲಾಯರು ಇನ್ನೂ ಸಣ್ಣ ಹುಡುಗಿ, ನಮ್ಮ ಮಗಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಹನ್ನೊಂದನೇ ಪ್ಯಾರಾದ ಮೇಲೆ ಬೆರಳಿಟ್ಟು, “ಮೇಡಂ, ಇದನ್ನ ನೀವು ಯಾರ ಹತ್ರ ಹೇಳಿದ್ರಿ?” ಎಂದು ಕೇಳಿದಳು. ಗಂಡನ ಹತ್ತಿರ ಎಂದೆ. “ಅಯ್ಯೋ, ಗಂಡನ ಹತ್ರ ಯಾಕೆ ಹೇಳೋಕೆ ಹೋದ್ರಿ?” ಎಂದಳು. ಆಮೇಲೆ ತನ್ನ ಮಾತಿಗೆ ತಾನೇ ನಾಲಗೆ ಕಚ್ಚಿಕೊಂಡಳು. ನಾನು ನಕ್ಕೆ. ನಕ್ಕದ್ದು ಸಿಟ್ಟಿಗೆ. ನೆತ್ತಿಗೇರಿದ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಅಕ್ಷರ ಹೀಗೆ ಒತ್ತಿ ಬಂದಿದೆ.

ನಿನ್ನ ಪ್ಯಾರಾವನ್ನು ನಿನಗೇ ಓದಿ ಹೇಳುತ್ತೇನೆ: “ಅಧ್ಯಯನ ನಡೆಸಿದ ವೈದ್ಯೆಯೇ ಖಾಸಗಿಯಾಗಿ ಒಪ್ಪಿಕೊಂಡಿರುವಂತೆ, ಆರು ಕಾರ್ಮಿಕರ ಎಕ್ಸ್-ರೇಗಳನ್ನು ಲೆಕ್ಕದಿಂದ ಹೊರಗಿಡುವ ನಿಯಮವು ಆ ಎಕ್ಸ್-ರೇಗಳನ್ನು ನೋಡುವ ಮೊದಲೇ ಇತ್ತೋ, ನೋಡಿದ ಮೇಲೆ ಹುಟ್ಟಿಕೊಂಡಿತೋ ಎಂಬುದು ಅವರಿಗೇ ಖಚಿತವಿಲ್ಲ.”

ಖಾಸಗಿಯಾಗಿ. ಎಷ್ಟು ಚೊಕ್ಕವಾದ ಮಾತು. ಆ ಖಾಸಗಿ ಎಂಥದು ಎಂದು ಆಯೋಗಕ್ಕೆ ಗೊತ್ತಿಲ್ಲ. ಅದೊಂದು ಭಾನುವಾರ. ಮೂರು ವರ್ಷದಿಂದ ನೀನು ವಿಶ್ವವಿದ್ಯಾಲಯದ ಕ್ವಾರ್ಟರ್ಸಿನಲ್ಲಿದ್ದೀಯ, ನಾನು ನಮ್ಮ ಹಳೆಯ ಮನೆಯಲ್ಲಿದ್ದೇನೆ. ಆದರೂ ನೀನು ಕಪಾಟಿನಲ್ಲಿ ಉಳಿದ ಪುಸ್ತಕಗಳನ್ನು ಒಯ್ಯಲು ಆಗಾಗ ಭಾನುವಾರ ಬರುತ್ತಿದ್ದೆ, ಒಂದೊಂದು ಸಲಕ್ಕೆ ಒಂದೊಂದು ಚೀಲ. ಒಂದು ವ್ಯಾನು ಮಾಡಿಕೊಂಡು ಬಂದಿದ್ದರೆ ಒಂದು ಗಂಟೆಯ ಕೆಲಸ. ನೀನು ವ್ಯಾನು ಮಾಡಲಿಲ್ಲ, ನಾನು ಮಾಡು ಎನ್ನಲಿಲ್ಲ. ಆ ಸಂಜೆ ಊಟ ಮುಗಿಸಿ ನೀನು ತಟ್ಟೆ ತೊಳೆಯುತ್ತಿದ್ದೆ. ನಿನ್ನ ಬೆನ್ನು ನನ್ನ ಕಡೆಗಿತ್ತು, ನಲ್ಲಿಯ ಸದ್ದಿತ್ತು. ಮುಖ ಕಾಣದಿದ್ದಾಗ ಮಾತ್ರ ಆಡಬಹುದಾದ ಮಾತುಗಳು ಕೆಲವಿರುತ್ತವೆ. ಆ ಆರು ಜನರ ವಿಷಯ ಹೇಳಿದೆ.

ನಾನು ಹೇಳಿದ್ದು ಇಷ್ಟು. ಪುಡಿ ಕಾರ್ಖಾನೆಯ ಕಾರ್ಮಿಕರ ಎದೆಯನ್ನೂ ಅದೇ ರಸ್ತೆಯ ಸಾಬೂನು ಕಾರ್ಖಾನೆಯ ಕಾರ್ಮಿಕರ ಎದೆಯನ್ನೂ ಹೋಲಿಸಿ ನೋಡಿದ್ದೆವು. ಹಿಂದೆ ಕ್ಷಯ ಬಂದು ವಾಸಿಯಾದವರನ್ನು ಎರಡೂ ಕಡೆ ಬಿಟ್ಟಿದ್ದೆವು. ಯಾಕೆಂದರೆ ಕ್ಷಯದ ಹಳೆಯ ಕಲೆ ಯಾವುದು, ಕಲ್ಲಿನ ಧೂಳು ಬಿಟ್ಟ ಗುರುತು ಯಾವುದು ಎಂದು ಫಿಲ್ಮಿನಲ್ಲಿ ಬೇರ್ಪಡಿಸುವುದು ಕಷ್ಟ. ಕಾರಣ ಸರಿಯಾದದ್ದೇ. ಆದರೆ ಪುಡಿ ಕಾರ್ಖಾನೆಯ ಆ ಆರು ಫಿಲ್ಮುಗಳನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಗುರುತು ಯಾವುದರದೆಂದು ಹೇಳಲಾಗದೆ ಬೇಸರಪಟ್ಟು, ಆಮೇಲೆ ಆ ಕಾರಣ ನನಗೆ ಹೊಳೆಯಿತೋ ಅಥವಾ ಮೊದಲಿನಿಂದಲೂ ಇತ್ತೋ, ನೆನಪಾಗುತ್ತಿಲ್ಲ ಎಂದೆ. ನೀನು ತಿರುಗಲಿಲ್ಲ. “ಹಾಗೇ ಆಗತ್ತೆ ಕಣೇ. ಎಲ್ರಿಗೂ ಆಗತ್ತೆ. ಹೋಗಿ ಮಲಕ್ಕೋ,” ಎಂದೆ. ಎಷ್ಟೋ ದಿನಗಳ ಮೇಲೆ ಆ ರಾತ್ರಿ ನನಗೆ ನಿದ್ದೆ ಬಂತು. ಆ ನಿದ್ದೆಯನ್ನು ನೀನು ಪ್ಯಾರಾ ಮಾಡಿ ನಂಬರು ಹಾಕಿದ್ದೀಯ.

ನಿನ್ನ ವೃತ್ತಿಜೀವನದ ಬಗ್ಗೆ ಅಭಿನಂದನಾ ಗ್ರಂಥವೊಂದು ಬರುತ್ತಿದೆಯಂತೆ. ನನ್ನನ್ನೂ ನಾಲ್ಕು ಪುಟ ಕೇಳಿದ್ದರು. ಆಗ ಬರೆಯಲಿಲ್ಲ, ಇಲ್ಲಿ ಬರೆಯುತ್ತೇನೆ. ಅಚ್ಚು ಹಾಕಿಸುವ ಖರ್ಚಿಲ್ಲ.

ನೀನು ಭೌತಶಾಸ್ತ್ರ ಓದಲು ಹೋದವನು. ಪ್ರಯೋಗಾಲಯದಲ್ಲಿ ನೀನು ಮುಟ್ಟಿದ್ದೆಲ್ಲ ಒಡೆಯುತ್ತಿತ್ತು. ನಿನ್ನ ಮೇಷ್ಟ್ರು, “ಮಂಗನ ಕೈಗೆ ಮಾಣಿಕ್ಯ ಕೊಡಬಹುದು, ನಿನ್ನ ಕೈಗೆ ಥರ್ಮಾಮೀಟರ್ ಕೊಡೋ ಹಾಗಿಲ್ಲ,” ಎಂದದ್ದನ್ನು ನೀನೇ ಎಲ್ಲರಿಗೂ ಹೇಳಿ ನಗಿಸುತ್ತಿದ್ದೆ. ಕೊನೆಗೆ ಯಾವ ಯಂತ್ರವನ್ನೂ ಮುಟ್ಟಬೇಕಾಗಿಲ್ಲದ ವಿಷಯ ಹಿಡಿದೆ. ಹರಳುಗಳ ಮೇಲೆ ಕೆಲಸ ಮಾಡುವ ಆ ಪ್ರಯೋಗಾಲಯದಲ್ಲಿ ಒಂದು ಮೂಲೆ, ಒಂದು ಸ್ಟೂಲು ಕೇಳಿ ಪಡೆದು ವರ್ಷಗಟ್ಟಲೆ ಕೂತೆ. ಸಂಜೆ ಎಲ್ಲರೂ ಹೋದ ಮೇಲೆ ಕಸದ ಬುಟ್ಟಿಗೆ ಕೈಹಾಕಿ ಮುದುರಿ ಎಸೆದ ಗ್ರಾಫ್ ಹಾಳೆಗಳನ್ನು ಚೀಲಕ್ಕೆ ತುಂಬಿಕೊಂಡು ಬರುತ್ತಿದ್ದೆ. ಮನೆಯಲ್ಲಿ ಅವುಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ನಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ಒಂದೇ. ಬೆಳಿಗ್ಗೆ ನಾನು ಮುದ್ದೆಯಾದ ಬಿಳಿ ಕೋಟು ಹಾಕಿಕೊಂಡು ವಾರ್ಡಿಗೆ ಹೋಗುತ್ತಿದ್ದೆ, ನಿನ್ನ ಕಸ ಗರಿಗರಿಯಾಗಿ ಮೇಜಿನ ಮೇಲೆ ಕೂತಿರುತ್ತಿತ್ತು. ನನ್ನ ಹಿರಿಯ ಡಾಕ್ಟರು ಒಮ್ಮೆ ಕೇಳಿಯೂ ಬಿಟ್ಟರು: “ಏನಮ್ಮಾ, ಕೋಟು ಹಾಕ್ಕೊಂಡೇ ಮಲಗಿದ್ದೆಯಾ?”

ಆಗ ನನಗೆ ಬೇಸರವಿರಲಿಲ್ಲ. ಹೆಮ್ಮೆಯಿತ್ತು. ಇಸ್ತ್ರಿಯಾದ ಹಾಳೆಯನ್ನು ಮರುದಿನ ಅದನ್ನು ಎಸೆದ ವಿಜ್ಞಾನಿಯ ಮುಂದಿಟ್ಟು ನೀನು ಕೇಳುತ್ತಿದ್ದೆಯಂತೆ, “ಇದನ್ನ ಯಾಕೆ ಎಸೆದ್ರಿ?” ಅವರು, “ಸರಿಯಿರ್ಲಿಲ್ಲ.” ನೀನು, “ಸರಿಯಿಲ್ಲ ಅಂತ ಹೇಗೆ ಗೊತ್ತಾಯ್ತು?” ಅವರು, “ಸರಿಯಾದ್ದು ಬಂದ್ಮೇಲೆ ಗೊತ್ತಾಯ್ತು.” ನಿನ್ನ ಮೊದಲ ಪುಸ್ತಕವೆಲ್ಲ ಆ ನಾಲ್ಕು ಮಾತಿನ ಮೇಲೆ ನಿಂತದ್ದು. ಒಂದು ವಿಜ್ಞಾನ ಏನನ್ನು ಇಟ್ಟುಕೊಂಡಿತು ಎಂದು ನೋಡಬೇಡಿ, ಏನನ್ನು ಎಸೆಯಿತು ಎಂದು ನೋಡಿ. ಎಸೆಯುವುದಕ್ಕೆ ಮೊದಲೇ ಬರೆದಿಟ್ಟ ನಿಯಮ ಇರುವುದಿಲ್ಲ, ನಿಯಮ ಹಿಂದಿನಿಂದ ಓಡಿ ಬಂದು ಸೇರಿಕೊಳ್ಳುತ್ತದೆ ಎಂದೆ. ಆದರೆ ಅಲ್ಲಿಗೆ ನಿಲ್ಲಿಸಿರಲಿಲ್ಲ. ಪಳಗಿದ ಕೈ ಎಸೆಯುವುದು ಮೋಸವಲ್ಲ, ಕಸುಬು ಎಂದೂ ಬರೆದೆ. ಎಸೆದವರು ಮತ್ತೆ ಬುಟ್ಟಿಯ ಹತ್ತಿರ ಹೋಗಿ ಬಗ್ಗಿ ನೋಡುವ ಸಾಲ ಹೊತ್ತಿರುತ್ತಾರೆ ಎಂದು ಬರೆದೆ. ಹರಳಿನ ಜನ ನಿನ್ನನ್ನು ಕಂಡರೆ, “ಬುಟ್ಟಿ ಮೇಷ್ಟ್ರು ಬಂದ್ರು, ಕಸ ಜೋಪಾನ!” ಎಂದು ಕೂಗುತ್ತಿದ್ದರು. ಅದು ಪ್ರೀತಿಯ ಕೂಗು. ಅವರು ನಿನ್ನಿಂದ ಹೆಚ್ಚು ಎಚ್ಚರದಿಂದ ಕೆಲಸ ಮಾಡಲು ಕಲಿತರು. ನಾನೂ ಕಲಿತೆ. ನನ್ನ ವಾರ್ಡಿನಲ್ಲಿ ಈಗಲೂ ಒಂದು ಫಿಲ್ಮನ್ನು ಬಿಡುವ ಮೊದಲು ಹೊಸ ಡಾಕ್ಟರುಗಳಿಗೆ ನಿನ್ನ ಪ್ರಶ್ನೆಯನ್ನೇ ಕೇಳುತ್ತೇನೆ. ಅವರಿಗೆ ಅದು ನಿನ್ನದೆಂದು ಗೊತ್ತಿಲ್ಲ.

ಎರಡನೇ ಪುಸ್ತಕದಲ್ಲಿ ಪ್ರಶ್ನೆಯ ಗುರುತು ಉದುರಿಹೋಯಿತು. ಎಸೆಯುವುದೆಲ್ಲ ಅಧಿಕಾರ ಎಂದಾಯಿತು. ಸಭಾಂಗಣಗಳು ತುಂಬಿದವು. ನಿನಗೊಂದು ಪೀಠ ಸಿಕ್ಕಿತು, ಎರಡು ಕಿಟಕಿಯ ಕೋಣೆ ಸಿಕ್ಕಿತು. ಸ್ಟೂಲಿನ ಮೇಲೆ ಕೂರುವುದನ್ನು ಯಾವಾಗ ಬಿಟ್ಟೆ ಎಂದು ನನಗೆ ಸರಿಯಾಗಿ ಗೊತ್ತಾಗಲಿಲ್ಲ. ಅಲ್ಲಿಂದ ಮುಂದೆ ನೀನು ಯಾವ ಪ್ರಯೋಗಾಲಯಕ್ಕೂ ಹೋದದ್ದು ನಾನು ಕಾಣೆ. ಪ್ರಯೋಗಾಲಯಗಳ ಬಗ್ಗೆ ಮಾತಾಡಲು ಹೋಗುತ್ತಿದ್ದೆ. ‘ಖಚಿತ ಎನ್ನುವುದು ಒಂದು ದನಿಯ ಏರಿಳಿತ, ಅಷ್ಟೆ’ ಎಂದು ನೀನು ಹೇಳಿದ ಸಭೆಯಲ್ಲಿ ನಾನೂ ಮುಂದಿನ ಸಾಲಿನಲ್ಲಿ ಕೂತಿದ್ದೆ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಂದವಾದ ಮಾತು, ಅಂದವಾಗಿ ಆಡಿದೆ. ಒಳ್ಳೆಯ ಚಾಕು ಕೊಂಡವರು ಏನಾದರೊಂದು ಕತ್ತರಿಸಲು ಹುಡುಕುತ್ತ ಮನೆಯೆಲ್ಲ ತಿರುಗುವಂತೆ ಆಗಿತ್ತು ನಿನ್ನ ಸ್ಥಿತಿ, ನನಗೆ ಆಗ ಹೊಳೆಯಲಿಲ್ಲ.

ಹೊಳೆದದ್ದು ನೀನು ಮನೆ ಬಿಟ್ಟ ವಾರ. ಪುಡಿ ಕಾರ್ಖಾನೆಯಲ್ಲಿ ಚೀಲ ಹೊಲಿಯುತ್ತಿದ್ದ ಹೆಂಗಸು ನನ್ನ ವಾರ್ಡಿನಲ್ಲಿ ಸತ್ತಳು. ನಾಲ್ಕು ಮಾತಾಡುವುದಕ್ಕೂ ಮಧ್ಯೆ ಎರಡು ಸಲ ಉಸಿರು ಎಳೆದುಕೊಳ್ಳಬೇಕಾಗಿದ್ದ ಹೆಂಗಸು. ಮರಣಪತ್ರದಲ್ಲಿ ‘ಕಾರಣ’ ಎಂಬ ಜಾಗವನ್ನು ತುಂಬಲಾಗದೆ ಅದನ್ನು ಮನೆಗೆ ತಂದಿದ್ದೆ. ಧೂಳು ಎಂದು ಬರೆದರೆ ಕಾರ್ಖಾನೆಯವರು ಬರುತ್ತಾರೆ, ಬರಿಯ ಉಸಿರಾಟದ ತೊಂದರೆ ಎಂದರೆ ಅದು ಸುಳ್ಳು. ನೀನು ಅದನ್ನು ನೋಡಿ, ಕಾರಣ ಅನ್ನೋದು ಹೊರಗೆಲ್ಲೂ ಇರೋದಿಲ್ಲ, ಅದು ನಾವು ಕೊಡುವ ಹೆಸರು ಎಂದು ಶುರು ಮಾಡಿದೆ. ನಾನು ಪೆನ್ನು ನಿನ್ನ ಕೈಗೆ ಕೊಟ್ಟು, ಹಾಗಿದ್ರೆ ನೀನೇ ಹೆಸರು ಕೊಡು, ಅವಳ ಅಣ್ಣ ಕೆಳಗೆ ಕಾಯ್ತಿದ್ದಾನೆ ಎಂದೆ. ನೀನು ಪೆನ್ನು ಮೇಜಿನ ಮೇಲಿಟ್ಟೆ. ಎಷ್ಟು ಮೆತ್ತಗೆ ಇಟ್ಟೆಯೆಂದರೆ ಸದ್ದೇ ಆಗಲಿಲ್ಲ. ಆಮೇಲೆ ನಾವು ಆಡಿದ ಜಗಳವೆಲ್ಲ ಆ ಸದ್ದಿಲ್ಲದ್ದರ ಬಗ್ಗೆಯೇ, ಹೊರಗೆ ಬೇರೆ ಏನೇನೋ ಹೆಸರಿತ್ತು.

ಈ ಸಾಕ್ಷ್ಯಕ್ಕೆ ನೀನು ಸಂಭಾವನೆ ಬೇಡ ಎಂದೆಯಂತೆ. ಲಾಯರು ಹುಡುಗಿ ಅದನ್ನು ನಿನ್ನ ಪರವಾಗಿ ಹೇಳಿದಳು. “ಪಾಪ, ಪ್ರಾಮಾಣಿಕರು ಅನ್ಸತ್ತೆ ಮೇಡಂ.” ತೆಗೆದುಕೊಂಡಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಆಸೆಗೆ ಬಿದ್ದ ಗಂಡನನ್ನು ಹೆಂಡತಿ ಹೇಗಾದರೂ ಹೊಟ್ಟೆಗೆ ಹಾಕಿಕೊಳ್ಳುತ್ತಾಳೆ. ಬರಿಯ ವಾದದ ರುಚಿಗೆ ಬಿದ್ದವನನ್ನು ಎಲ್ಲಿ ಹಾಕಿಕೊಳ್ಳಲಿ?

ಮಗಳು ಫೋನು ಮಾಡಿದ್ದಳು. ಅವಳೂ ಓದಿದ್ದಾಳೆ. “ಅಮ್ಮಾ, ಅಪ್ಪ ಬರ್ದಿರೋದು ಸುಳ್ಳಾ?” ಎಂದಳು. ಸುಳ್ಳಲ್ಲ ಎಂದೆ. “ಮತ್ತೆ ಯಾಕೆ ಕೂಗಾಡ್ತಿದೀಯ?” ಕೂಗಾಡುತ್ತಿಲ್ಲ ಎಂದು ಕೂಗಿದೆ. ಅದಕ್ಕವಳು, “ನಿಮ್ಮಿಬ್ರಿಗೂ ಜಗಳ ಆಡೋದಕ್ಕೆ ಊರವರ ಎದೆನೇ ಬೇಕಾ?” ಎಂದಳು. ನಿನ್ನ ಮಗಳೇ, ಅನುಮಾನವಿಲ್ಲ.

ನಿನ್ನ ಅಫಿಡವಿಟ್ಟನ್ನು ಪೂರ್ತಿ ಹಿಂತೆಗೆದುಕೋ ಎಂದು ನಾನು ಕೇಳುತ್ತಿಲ್ಲ. ನಮ್ಮ ಅಧ್ಯಯನ ಚಿಕ್ಕದು ಎಂದು ಬರೆದಿದ್ದೀಯ, ಚಿಕ್ಕದೇ. ಫಿಲ್ಮು ಓದುವುದರಲ್ಲಿ ಅಂದಾಜು ಇರುತ್ತದೆ ಎಂದಿದ್ದೀಯ, ಇರುತ್ತದೆ. ಹೋಲಿಕೆಯಿಂದ ಕಾರಣ ಸಿದ್ಧವಾಗುವುದಿಲ್ಲ ಎಂದಿದ್ದೀಯ, ಅದನ್ನು ನಾನು ಓದುವ ಕಾಲದಿಂದ ಕೇಳಿದ್ದೇನೆ. ಇವನ್ನೆಲ್ಲ ಗುರುವಾರ ಬಂದು ಗಟ್ಟಿಯಾಗಿ ಹೇಳು. ನಿನ್ನ ಕೆಲಸ ಅದು. ಆದರೆ ನೀನು ಒಂದನ್ನು ಮಾತ್ರ ಎಲ್ಲೂ ಬರೆದಿಲ್ಲ, ನಿನ್ನ ಯಾವ ಪುಸ್ತಕದಲ್ಲೂ ಇಲ್ಲ. ಸಂಶಯಕ್ಕೂ ತೂಕವಿರುತ್ತದೆ, ಅದು ಯಾರದಾದರೂ ಎದೆಯ ಮೇಲೆ ಕೂರಲೇಬೇಕು. ಕಾರ್ಖಾನೆಗೆ ಧೂಳೆಳೆಯುವ ಫ್ಯಾನು ಹಾಕಿಸಿ, ಆಮೇಲೆ ಧೂಳು ನಿರಪರಾಧಿ ಎಂದು ಗೊತ್ತಾದರೆ ಮಾಲೀಕನಿಗೆ ಒಂದಿಷ್ಟು ಫ್ಯಾನು ದಂಡ. ಹಾಕಿಸದೆ ಕಾದು, ಆಮೇಲೆ ಧೂಳೇ ಎಂದು ಗೊತ್ತಾದರೆ? ಕಲ್ಲಾದ ಶ್ವಾಸಕೋಶ ಮತ್ತೆ ಮೆತ್ತಗಾಗುವುದಿಲ್ಲ. ಎರಡೂ ಕಡೆಯ ತಪ್ಪನ್ನು ಒಂದೇ ತಕ್ಕಡಿಯಲ್ಲಿಟ್ಟು ಎರಡೂ ಸಮ ಎನ್ನುವ ನಿನ್ನ ಆ ತಣ್ಣಗಿನ ದನಿ ಇದೆಯಲ್ಲ, ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ.

ನನ್ನ ಸಾಕ್ಷ್ಯ ಸೋಮವಾರ, ನಿನ್ನದು ಗುರುವಾರ. ಅಷ್ಟರೊಳಗೆ ಹನ್ನೊಂದನೇ ಪ್ಯಾರಾವನ್ನು ತೆಗೆದುಹಾಕು. ಅದು ನೀನು ಕಂಡುಹಿಡಿದ ದೋಷವಲ್ಲ, ನಾನು ನಂಬಿ ಹೇಳಿದ ಮಾತು. ಕಸದ ಬುಟ್ಟಿಗೆ ಕೈಹಾಕಿ ಹೊರತೆಗೆದಿದ್ದರೆ ನಾನು ಚಕಾರ ಎತ್ತುತ್ತಿರಲಿಲ್ಲ.

ಒಂದು ಚೀಲದಷ್ಟು ಪುಸ್ತಕ ಕಪಾಟಿನಲ್ಲಿ ಉಳಿದಿದೆ. ಯಾರನ್ನಾದರೂ ಕಳಿಸಿ ತರಿಸಿಕೋ. ನೀನು ಬರಬೇಡ.

ಇಂತಿ,
ಅಧ್ಯಯನ ನಡೆಸಿದ ವೈದ್ಯೆ

ಮರೆಯುವ ಮುನ್ನ:

ಸೋಮವಾರ, ಸಂಜೆ

ಮೇಲಿನದನ್ನು ಅಂಚೆಗೆ ಹಾಕಲಿಲ್ಲ. ಮಗಳ ಕೈಯಲ್ಲಿ ಕಳಿಸುತ್ತಿದ್ದೇನೆ, ಇದನ್ನೂ ಸೇರಿಸಿ.

ಆಯೋಗದ ಮುಂದೆ ಯಾರೂ ಕೇಳುವ ಮೊದಲೇ ಆ ಆರು ಜನರ ವಿಷಯವನ್ನು ನಾನೇ ಹೇಳಿದೆ. ಲಾಯರು ಹುಡುಗಿ ಬೇಡ ಬೇಡ ಎಂದು ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದಳು. ನಿಯಮ ಮೊದಲು ಬಂತೋ ಆಮೇಲೆ ಬಂತೋ ನೆನಪಿಲ್ಲ ಎಂದೆ. ಅವರನ್ನು ಸೇರಿಸಿದರೆ ರೋಗ ಇಷ್ಟು, ಬಿಟ್ಟರೆ ಇಷ್ಟು, ಹೇಗೆ ನೋಡಿದರೂ ಸಾಬೂನು ಕಾರ್ಖಾನೆಗಿಂತ ಬಹಳ ಹೆಚ್ಚು ಎಂದು ಎರಡೂ ಲೆಕ್ಕ ಓದಿದೆ. ಕಾರ್ಖಾನೆಯ ಲಾಯರು ಎದ್ದು ನಿಂತು, “ಡಾಕ್ಟ್ರಿಗೇ ನೆನಪಿಲ್ವಂತೆ, ಸ್ವಾಮಿ,” ಎಂದು ಸಭೆಯನ್ನೆಲ್ಲ ಒಮ್ಮೆ ನೋಡಿದರು. ಹಿಂದೆ ಯಾರೋ ನಕ್ಕರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ನಮ್ಮ ಅಧ್ಯಯನ ನಿಲ್ಲುತ್ತದೋ ಬೀಳುತ್ತದೋ ನನಗೆ ಗೊತ್ತಿಲ್ಲ. ಇದ್ದದ್ದನ್ನು ಹೇಳಿ ಗೆದ್ದೆ ಎಂದುಕೊಂಡೇ ಹೊರಗೆ ಬಂದೆ. ನಿನ್ನ ಪ್ಯಾರಾದ ಹಲ್ಲು ಕಿತ್ತೆ ಎಂದುಕೊಂಡೆ.

ಹೊರಗೆ ಮೆಟ್ಟಿಲ ಹತ್ತಿರ ಒಬ್ಬ ಕಾದಿದ್ದ. ಪುಡಿ ಕಾರ್ಖಾನೆಯ ಜರಡಿ ವಿಭಾಗದವನು. “ಡಾಕ್ಟ್ರೇ, ಲೆಕ್ಕಕ್ಕೆ ಬಿಟ್ಟಿದ್ರಲ್ಲ, ಆ ಆರು ಜನದಲ್ಲಿ ನಾನೂ ಇದ್ನಾ? ಚಿಕ್ಕೋನಿದ್ದಾಗ ನಂಗೂ ಕ್ಷಯ ಬಂದಿತ್ತು,” ಎಂದು ಕೇಳಿದ. ಕೈಯಲ್ಲಿದ್ದ ಪಟ್ಟಿ ನೋಡಿ, ಇದ್ದಿರಿ ಎಂದೆ. “ಅದಕ್ಕೇ ಅನ್ನಿ,” ಎಂದ, ಯಾವುದೋ ಒಗಟು ಬಿಡಿಸಿದವನಂತೆ. “ಎಲ್ರಿಗೂ ಆಸ್ಪತ್ರೆಯಿಂದ ಕಾಗದ ಬಂತು. ಜರಡಿ ಹತ್ರ ಹೋಗ್ಬೇಡಿ, ಔಷಧಿಗೆ ಬನ್ನಿ ಅಂತ. ನಂಗೆ ಬರ್ಲಿಲ್ಲ. ನಂಗೇನೂ ಆಗಿಲ್ಲ ಬಿಡು ಅಂತ ಮನೇಲಿ ಎಲ್ರಿಗೂ ಹೇಳ್ಬಿಟ್ಟೆ. ಕಾಗದ ಬಂದೋರು ಬಿಟ್ಟ ಪಾಳಿನೂ ನಾನೇ ಮಾಡ್ತಿದೀನಿ.” ಮಧ್ಯೆ ಎರಡು ಸಲ ನಿಂತು ಉಸಿರು ಎಳೆದುಕೊಂಡ.

ಲೆಕ್ಕದ ಪಟ್ಟಿಯಿಂದಲೇ ನಮ್ಮ ಕಚೇರಿಯವರು ಕಾಗದ ಕಳಿಸಿದ್ದರು. ಲೆಕ್ಕದಿಂದ ಬಿಟ್ಟವರಿಗೆ ಕಾಗದ ಹೋಗಿಲ್ಲ. ಒಬ್ಬರಿಗೂ ಹೋಗಿಲ್ಲ. ಈಗ ತಾನೇ ನೋಡಿ ಬಂದೆ. ಅವರನ್ನು ಬಿಟ್ಟದ್ದು ಮೊದಲೋ ಆಮೇಲೋ ಎಂದು ನಾವಿಬ್ಬರೂ ಅಡುಗೆಮನೆಯಲ್ಲಿ ಮಾತಾಡಿದೆವು. ನೀನು ತಟ್ಟೆ ತೊಳೆದೆ, ನಾನು ಮಲಗಿದೆ. ಬಿಟ್ಟವರು ಎಲ್ಲಿಗೆ ಹೋದರು ಎಂದು ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನಾಳೆ ಬೆಳಿಗ್ಗೆ ಅವನದು ಹೊಸ ಎಕ್ಸ್-ರೇ ತೆಗೆಯುತ್ತೇವೆ. ಉಳಿದ ಐವರ ಮನೆಗೆ ನಾನೇ ಹೋಗುತ್ತೇನೆ. ಬಾಗಿಲಲ್ಲಿ ನಿಂತು ಮೊದಲ ಮಾತು ಏನು ಆಡಬೇಕು ಎಂದು ತಿಳಿಯುತ್ತಿಲ್ಲ.

ಹನ್ನೊಂದನೇ ಪ್ಯಾರಾವನ್ನು ತೆಗೆಯಬೇಡ. ಹಾಗೇ ಇರಲಿ. ಗುರುವಾರ ಅದನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಓದು. ವಿಚಾರಣೆ ಎರಡನೇ ಮಹಡಿಯಲ್ಲಿ, ಲಿಫ್ಟು ಇಲ್ಲ. ಆರು ಜನರಲ್ಲಿ ಎಷ್ಟು ಜನ ಮೆಟ್ಟಿಲು ಹತ್ತಬಲ್ಲರೋ ಅಷ್ಟು ಜನರನ್ನು ಮುಂದಿನ ಸಾಲಿನಲ್ಲಿ ಕೂರಿಸಿರುತ್ತೇನೆ.